ನೀರಿನಲ್ಲಿರುವ ಮಣ್ಣನ್ನು ಬೆಳಕು ಅಳೆಯಬಲ್ಲುದೆ?

ಮಕ್ಕಳೇ, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ತಲಕಾಡಿಗೆ ಹತ್ತಿರದಲ್ಲಿ ಮುಡುಕುತೊರೆ ಎಂಬ ಊರಿದೆ. ‘ಮುಡುಕು’ ಎಂದರೆ ತಿರುವು, ‘ತೊರೆ’ ಎಂದರೆ ಹೊಳೆ. ಕಾವೇರಿ ನದಿ ಇಲ್ಲಿ ತಿರುಗಿ ಹರಿಯುವುದರಿಂದ ಊರಿಗೆ ಈ ಹೆಸರು ಬಂದಿದೆ ಎನ್ನುತ್ತಾರೆ. ಊರಿನ ಗುಡ್ಡದ ಮೇಲೆ ಮಲ್ಲಿಕಾರ್ಜುನಸ್ವಾಮಿಯ ದೇವಸ್ಥಾನವಿದೆ. ಇಲ್ಲಿನ ಜಾತ್ರೆ ಮತ್ತು ದನಗಳ ಪರಿಷೆಗೆ ನಿಮ್ಮಲ್ಲಿ ಕೆಲವರು ಹೋಗಿರಬಹುದು.

ಜಾತ್ರೆ ನಡೆಯುವುದು ಚಳಿ ಮುಗಿಯುತ್ತಿರುವ ಮಾಘ ಮಾಸದಲ್ಲಿ. ಆಗ ನದಿಯಲ್ಲಿ ನೀರು ಕಡಿಮೆ. ದಡದ ಬಳಿ ನೀರಿನೊಳಗಿನ ಮರಳು ಕಣ್ಣಿಗೆ ಕಾಣುತ್ತದೆ. ಅದೇ ನದಿಯನ್ನು ಆಷಾಢ, ಶ್ರಾವಣಗಳಲ್ಲಿ ನೋಡಿ. ಕೊಡಗಿನಲ್ಲಿ, ವಯನಾಡಿನಲ್ಲಿ ಜೋರು ಮಳೆಯಾಗಿ ಕಾವೇರಿಯೂ ಕಬಿನಿಯೂ ತುಂಬಿ ಬಂದಾಗ ನೀರು ಕೆಂಪಗೆ, ಹಾಲು ಹೆಚ್ಚಾದ ಚಹಾದಂತೆ ಕಾಣುತ್ತದೆ. “ಹೊಸನೀರು ಬಂತು” ಎಂದು ಹಿರಿಯರು ಹೇಳುವುದನ್ನು ಕೇಳಿದ್ದೀರಲ್ಲವೆ?

ನೀರು ಕೆಂಪಾಗಿದೆ ಎಂದರೆ ಅದರಲ್ಲಿ ಮಣ್ಣಿದೆ ಎಂದು ಯಾರು ಬೇಕಾದರೂ ಹೇಳಬಹುದು. ಆದರೆ ಎಷ್ಟು ಮಣ್ಣಿದೆ? ನೀರನ್ನು ಮುಟ್ಟದೆ, ದೂರದಿಂದ ನೋಡಿಯೇ ಅದನ್ನು ಹೇಳಬಹುದೆ? ಆ ನೀರು ಸಮುದ್ರದ ಉಪ್ಪುನೀರಾಗಿದ್ದರೆ? ಬನ್ನಿ, ಈ ಪ್ರಶ್ನೆಗಳಿಗೆ ಉತ್ತರ ಹುಡುಕೋಣ.

ತೇಲುವ ಮಣ್ಣು

ನದಿ ಹೊತ್ತು ತರುವ ಮಣ್ಣೆಲ್ಲ ಒಂದೇ ಬಗೆಯದಲ್ಲ. ದಪ್ಪ ಮರಳು ಭಾರವಾಗಿರುತ್ತದೆ. ಅದು ನದಿಯ ತಳದಲ್ಲಿ ಉರುಳುತ್ತ ಸಾಗುತ್ತದೆ. ಹರಿವಿನ ವೇಗ ತಗ್ಗಿದ ಕಡೆ, ಅಂದರೆ ತಿರುವಿನ ಒಳಬದಿಯಲ್ಲಿ, ಅದು ನೆಲಕ್ಕಿಳಿಯುತ್ತದೆ. ಅದಕ್ಕಿಂತ ಸಣ್ಣದು ಗೋಡುಮಣ್ಣು. ಎಲ್ಲಕ್ಕಿಂತ ಸಣ್ಣದು ಜೇಡಿಮಣ್ಣು. ಜೇಡಿಮಣ್ಣಿನ ಒಂದು ಕಣ ಒಂದು ಮಿಲಿಮೀಟರ್‌ನ ಐನೂರನೇ ಒಂದು ಭಾಗಕ್ಕಿಂತಲೂ ಚಿಕ್ಕದು. ಒಂದು ಕಣವನ್ನೇ ಬೇರೆಯಾಗಿ ಬರಿಗಣ್ಣಿನಿಂದ ನೋಡಲಾಗದು. ಇಂತಹ ಕಣ ಬೇಗನೆ ತಳ ಸೇರುವುದಿಲ್ಲ. ನೀರಿನ ಜೊತೆಯಲ್ಲೇ ತೇಲುತ್ತ ನೂರಾರು ಕಿಲೋಮೀಟರ್ ಹೋಗಬಲ್ಲದು. ಹೀಗೆ ನೀರಿನಲ್ಲಿ ಕರಗದೆ, ತಳಕ್ಕೂ ಇಳಿಯದೆ ತೇಲಾಡುವ ಕಣಗಳನ್ನು ನಿಲಂಬಿತ ಕಣಗಳು ಎನ್ನುತ್ತಾರೆ. ನಾವು ಇಲ್ಲಿ ತೇಲುಮಣ್ಣು ಎಂದು ಕರೆಯೋಣ.

ತೂಕ ಮಾಡುವ ವಿಧಾನ

ತೇಲುಮಣ್ಣನ್ನು ಅಳೆಯಲು ಎಲ್ಲಕ್ಕಿಂತ ನಂಬಿಕೆಯ ವಿಧಾನವೆಂದರೆ ಸೋಸಿ ತೂಗುವುದು. ಒಂದು ಸೋಸುಕಾಗದವನ್ನು ಚೆನ್ನಾಗಿ ಒಣಗಿಸಿ ತೂಗುತ್ತಾರೆ. ಅದರ ಮೂಲಕ ಒಂದು ಲೀಟರ್ ನದಿನೀರನ್ನು ಸೋಸುತ್ತಾರೆ. ಕಾಗದವನ್ನು ಮತ್ತೆ ಒಣಗಿಸಿ ತೂಗುತ್ತಾರೆ. ತೂಕ ಎಷ್ಟು ಹೆಚ್ಚಿತೋ ಅಷ್ಟು ಮಣ್ಣು.

ಒಂದು ಲೆಕ್ಕ ಮಾಡೋಣ. ಒಣ ಕಾಗದದ ತೂಕ 1.20 ಗ್ರಾಂ, ಸೋಸಿ ಒಣಗಿಸಿದ ಮೇಲೆ 1.55 ಗ್ರಾಂ ಎಂದಿಟ್ಟುಕೊಳ್ಳಿ. ಮಣ್ಣಿನ ತೂಕ 0.35 ಗ್ರಾಂ, ಅಂದರೆ ಲೀಟರಿಗೆ 350 ಮಿಲಿಗ್ರಾಂ. “ಇಷ್ಟೇನಾ?” ಎನ್ನಬೇಡಿ. ಒಂದು ಘನ ಮೀಟರ್ ನೀರೆಂದರೆ 1000 ಲೀಟರ್. ಅದರಲ್ಲಿ 350 ಗ್ರಾಂ ಮಣ್ಣಿರುತ್ತದೆ. ನದಿಯಲ್ಲಿ ಸೆಕೆಂಡಿಗೆ 100 ಘನ ಮೀಟರ್ ನೀರು ಹರಿಯುತ್ತಿದ್ದರೆ ಸೆಕೆಂಡಿಗೆ 35 ಕಿಲೋಗ್ರಾಂ ಮಣ್ಣು ಹೋಯಿತು. ಒಂದು ದಿನಕ್ಕೆ 86,400 ಸೆಕೆಂಡು. ಗುಣಿಸಿ ನೋಡಿ. 30,24,000 ಕಿಲೋಗ್ರಾಂ, ಅಂದರೆ 3,024 ಟನ್! ಹತ್ತು ಟನ್ ಹೊರುವ ಲಾರಿಗಳಾದರೆ ಮುನ್ನೂರಕ್ಕೂ ಹೆಚ್ಚು ಲಾರಿ ಮಣ್ಣು ಒಂದೇ ದಿನದಲ್ಲಿ ಕಣ್ಣೆದುರಿಗೇ ಹರಿದುಹೋಗುತ್ತದೆ. ಅದರಲ್ಲಿ ಹೊಲಗಳ ಮೇಲ್ಮಣ್ಣೂ ಸೇರಿರುತ್ತದೆ.

ನಮ್ಮ ದೇಶದ ನದಿಗಳಲ್ಲಿ ಈ ಕೆಲಸವನ್ನು ಕೇಂದ್ರ ಜಲ ಆಯೋಗ ಮಾಡುತ್ತದೆ. ತಿ.ನರಸೀಪುರದಲ್ಲಿ ಕಬಿನಿ ನದಿಗೆ, ಕೊಳ್ಳೇಗಾಲದ ಬಳಿ ಕಾವೇರಿ ನದಿಗೆ ಅದರ ಮಾಪನ ಕೇಂದ್ರಗಳಿವೆ. ನೀರಿನ ಮಟ್ಟ ಎಷ್ಟು, ಹರಿವು ಎಷ್ಟು ಎಂಬುದನ್ನು ಅಲ್ಲಿ ದಾಖಲಿಸುತ್ತಾರೆ. ತೇಲುಮಣ್ಣನ್ನು ಅಳೆಯುವ ಕೇಂದ್ರಗಳಲ್ಲಿ ನೀರಿನ ಮಾದರಿ ತೆಗೆದು, ಮಣ್ಣನ್ನು ದಪ್ಪ, ಮಧ್ಯಮ, ನುಣುಪು ಎಂದು ಬೇರ್ಪಡಿಸಿ ತೂಗುತ್ತಾರೆ.

ಈ ವಿಧಾನದಲ್ಲಿ ಒಂದು ತೊಂದರೆ ಇದೆ. ಒಂದು ಬಾಟಲಿ ನೀರು ಒಂದು ಜಾಗದ, ಒಂದು ಹೊತ್ತಿನ ಸುದ್ದಿಯನ್ನು ಮಾತ್ರ ಹೇಳುತ್ತದೆ. ಹತ್ತಾರು ಕಿಲೋಮೀಟರ್ ಹರಡಿದ ಕಡಲಿನ ನೀರನ್ನು ಎಷ್ಟು ಬಾಟಲಿಗಳಲ್ಲಿ ತುಂಬಲು ಸಾಧ್ಯ? ಇಲ್ಲಿಯೇ ಬೆಳಕು ನಮ್ಮ ನೆರವಿಗೆ ಬರುತ್ತದೆ.

ಬಿಳಿ ತಟ್ಟೆಯ ಉಪಾಯ

1865ನೇ ಇಸವಿಯಲ್ಲಿ ಇಟಲಿಯ ಏಂಜೆಲೊ ಸೆಕ್ಕಿ ಎಂಬ ಪಾದ್ರಿ-ವಿಜ್ಞಾನಿ ಒಂದು ಸರಳ ಉಪಾಯವನ್ನು ಪರೀಕ್ಷಿಸಿದರು. ಹಡಗಿನಿಂದ ಒಂದು ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಸಮುದ್ರದೊಳಗೆ ಇಳಿಬಿಟ್ಟರು. ತಟ್ಟೆ ಕಣ್ಣಿಗೆ ಕಾಣದಾಗುವ ಆಳವನ್ನು ಅಳೆದರು. ನೀರು ತಿಳಿಯಾಗಿದ್ದರೆ ತಟ್ಟೆ ತುಂಬ ಆಳದವರೆಗೆ ಕಾಣುತ್ತದೆ. ಕದಡಿದ್ದರೆ ಬೇಗ ಮರೆಯಾಗುತ್ತದೆ. ಈ ತಟ್ಟೆಗೆ ಇಂದಿಗೂ ‘ಸೆಕ್ಕಿ ತಟ್ಟೆ’ ಎಂದೇ ಹೆಸರು. ಕೆರೆಗಳಲ್ಲಿ ಬಳಸುವ ತಟ್ಟೆಗೆ ಕಪ್ಪು-ಬಿಳಿ ಬಣ್ಣ ಹಚ್ಚಿರುತ್ತಾರೆ.

ಸೆಕ್ಕಿ ತಟ್ಟೆಯಲ್ಲಿ ನಡೆಯುವುದೇನು? ಸೂರ್ಯನ ಬೆಳಕು ನೀರಿನೊಳಗೆ ಹೋಗಿ, ತಟ್ಟೆಗೆ ತಾಗಿ, ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ದಾರಿಯಲ್ಲಿ ಮಣ್ಣಿನ ಕಣಗಳು ಆ ಬೆಳಕನ್ನು ಅತ್ತಿತ್ತ ಚದುರಿಸುತ್ತವೆ. ಈಗ ತಟ್ಟೆಯನ್ನು ತೆಗೆದುಬಿಡಿ. ಮಣ್ಣಿನ ಪ್ರತಿಯೊಂದು ಕಣವೂ ಒಂದು ಅತಿ ಪುಟ್ಟ ತಟ್ಟೆಯೇ ಅಲ್ಲವೆ? ಕಣಗಳಿಂದಲೇ ಬೆಳಕು ಹಿಂದಕ್ಕೆ ಬರುತ್ತದೆ. ಕಣಗಳು ಹೆಚ್ಚಾದಷ್ಟೂ ಹಿಂದಕ್ಕೆ ಬರುವ ಬೆಳಕು ಹೆಚ್ಚು.

ಹಿಂದಕ್ಕೆ ಬರುವ ಬೆಳಕನ್ನು ಬಿದ್ದ ಬೆಳಕಿನಿಂದ ಭಾಗಿಸಿದರೆ ಸಿಗುವುದೇ ಪ್ರತಿಫಲನ ಪ್ರಮಾಣ. ನೀರಿನ ಮೇಲೆ 100 ಭಾಗ ಬೆಳಕು ಬಿದ್ದು 5 ಭಾಗ ಹಿಂದಕ್ಕೆ ಬಂದರೆ ಪ್ರತಿಫಲನ ಪ್ರಮಾಣ ಶೇಕಡಾ 5. ಭಾಗಾಕಾರ ಏಕೆ ಬೇಕು? ಬೆಳಿಗ್ಗೆ ಬಿಸಿಲು ಎಳೆಯದು, ಮಧ್ಯಾಹ್ನ ಪ್ರಖರ, ಮೋಡ ಬಂದರೆ ಮತ್ತೆ ಕಡಿಮೆ. ಬರೀ ಹಿಂದಕ್ಕೆ ಬಂದ ಬೆಳಕನ್ನು ಅಳೆದರೆ ಮಣ್ಣು ಹೆಚ್ಚಾಯಿತೋ ಬಿಸಿಲು ಹೆಚ್ಚಾಯಿತೋ ತಿಳಿಯುವುದಿಲ್ಲ. ಅದಕ್ಕಾಗಿ ವಿಜ್ಞಾನಿಗಳು ಮೊದಲು ಒಂದು ಬಿಳಿ ಹಲಗೆಯ ಮೇಲೆ ಬಿದ್ದ ಬೆಳಕನ್ನು ಅಳೆದು, ಆಮೇಲೆ ನೀರನ್ನು ಅಳೆಯುತ್ತಾರೆ.

ಇನ್ನೊಂದು ಎಚ್ಚರಿಕೆಯೂ ಬೇಕು. ಬಿಸಿಲಿನಲ್ಲಿ ನದಿಯ ಮೇಲೆ ಕನ್ನಡಿಯಂತಹ ಹೊಳಪು ಕಾಣುತ್ತದಲ್ಲ, ಆ ಬೆಳಕು ನೀರಿನೊಳಗೆ ಹೋಗಿಯೇ ಇಲ್ಲ. ನೀರಿನ ಮೇಲ್ಮೈಗೆ ತಾಗಿ ಹಾಗೆಯೇ ಹಿಂದಿರುಗಿದೆ. ಒಳಗಿನ ಮಣ್ಣಿನ ಸುದ್ದಿ ಅದಕ್ಕೆ ತಿಳಿಯದು. ಆದ್ದರಿಂದ ಆ ಹೊಳಪು ಕಣ್ಣಿಗೆ ಬೀಳದಂತೆ ಉಪಕರಣವನ್ನು ಓರೆಯಾಗಿ ಹಿಡಿಯುತ್ತಾರೆ.

ಮಾಡಿ ನೋಡಿ – 1

ಬೇಕಾಗುವ ಸಾಮಗ್ರಿಗಳು: ಒಂದೇ ಅಳತೆಯ ಐದು ಗಾಜಿನ ಲೋಟಗಳು, ಹೊಲದ ನುಣುಪು ಮಣ್ಣು, ಮಳೆನೀರು, ಒಂದು ಚಮಚ, ಕಪ್ಪು ಕಾಗದ, ಒಂದು ಟಾರ್ಚ್.

ವಿಧಾನ: ಒಂದು ಪಾತ್ರೆಯಲ್ಲಿ ಎರಡು ಹಿಡಿ ಮಣ್ಣನ್ನು ಒಂದು ಲೀಟರ್ ನೀರಿಗೆ ಹಾಕಿ ಚೆನ್ನಾಗಿ ಕದಡಿ. ಐದು ನಿಮಿಷ ಬಿಡಿ. ಮರಳು ತಳಕ್ಕೆ ಇಳಿಯುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿಕೊಳ್ಳಿ. ಇದೇ ನಮ್ಮ ಕೆಸರುನೀರು.

ಐದೂ ಲೋಟಗಳಿಗೆ ಒಂದೇ ಮಟ್ಟದವರೆಗೆ ಶುದ್ಧ ನೀರು ಹಾಕಿ. ಮೊದಲನೆಯದನ್ನು ಹಾಗೆಯೇ ಬಿಡಿ. ಉಳಿದವಕ್ಕೆ ಕ್ರಮವಾಗಿ 1, 2, 4, 8 ಚಮಚ ಕೆಸರುನೀರು ಸೇರಿಸಿ ಕಲಕಿ. ಲೋಟಗಳ ಕೆಳಗೂ ಹಿಂದೆಯೂ ಕಪ್ಪು ಕಾಗದ ಇಡಿ. ಕೋಣೆಯ ಕಿಟಕಿ ಮುಚ್ಚಿ ಬೆಳಕು ಕಡಿಮೆ ಮಾಡಿ. ಟಾರ್ಚನ್ನು ಪ್ರತಿ ಲೋಟದ ಮೇಲೆ ಒಂದೇ ದೂರದಲ್ಲಿ ಓರೆಯಾಗಿ ಹಿಡಿದು, ಟಾರ್ಚ್ ಇರುವ ಬದಿಯಿಂದಲೇ ನೋಡಿ.

ಏನು ಕಂಡಿತು? ಶುದ್ಧ ನೀರಿನ ಲೋಟ ಕಪ್ಪಾಗಿ ಕಾಣುತ್ತದೆ. ಏಕೆಂದರೆ ಬೆಳಕು ನೀರನ್ನು ದಾಟಿಹೋಗಿ ಕಪ್ಪು ಕಾಗದದಲ್ಲಿ ಅಡಗಿತು. ಮಣ್ಣು ಹೆಚ್ಚಿದಂತೆ ಲೋಟ ಬೆಳಗುತ್ತ ಹೋಗುತ್ತದೆ. ಈಗ ಇನ್ನೊಂದು ವಿಷಯ ಗಮನಿಸಿ. ಕೊನೆಯ ಲೋಟಕ್ಕೆ ಮತ್ತೆ ಮತ್ತೆ ಕೆಸರುನೀರು ಸೇರಿಸುತ್ತ ಹೋಗಿ. ಒಂದು ಹಂತದ ನಂತರ ಬೆಳಕು ಹೆಚ್ಚಿದಂತೆ ಕಾಣುವುದೇ ಇಲ್ಲ. ಮೇಲಿನ ಕಣಗಳೇ ಬೆಳಕನ್ನೆಲ್ಲ ಹಿಂದಕ್ಕೆ ಕಳುಹಿಸಿಬಿಡುವುದರಿಂದ ಕೆಳಗಿನ ಕಣಗಳಿಗೆ ಸರದಿಯೇ ಬರುವುದಿಲ್ಲ. ತುಂಬ ಕದಡಿದ ನೀರನ್ನು ಬೆಳಕಿನಿಂದ ಅಳೆಯುವುದು ಏಕೆ ಕಷ್ಟ ಎಂಬುದು ಇದರಿಂದ ತಿಳಿಯುತ್ತದೆ.

ಯಾವ ಬಣ್ಣದ ಬೆಳಕು ಒಳ್ಳೆಯದು?

ಸೂರ್ಯನ ಬೆಳಕಿನಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಇವೆ. ಶುದ್ಧ ನೀರು ಕೆಂಪು ಬೆಳಕನ್ನು ಹೆಚ್ಚು ಹೀರಿಕೊಳ್ಳುತ್ತದೆ. ನೀಲಿಯನ್ನು ಕಡಿಮೆ ಹೀರುತ್ತದೆ. ಆಳವಾದ ತಿಳಿ ಸಮುದ್ರ ನೀಲಿಯಾಗಿ ಕಾಣಲು ಇದೇ ಕಾರಣ. ಹಾಗಾದರೆ ಸಮುದ್ರದಿಂದ ಕೆಂಪು ಬೆಳಕು ಹಿಂದಕ್ಕೆ ಬರುತ್ತಿದೆ ಎಂದರೆ ಏನರ್ಥ? ಅದನ್ನು ಹಿಂದಕ್ಕೆ ಕಳುಹಿಸುವ ಏನೋ ಒಂದು ನೀರಿನ ಮೇಲ್ಭಾಗದಲ್ಲೇ ಇದೆ ಎಂದರ್ಥ. ಸಾಮಾನ್ಯವಾಗಿ ಅದು ಮಣ್ಣು. ಹೀಗಾಗಿ ತೇಲುಮಣ್ಣನ್ನು ಅಳೆಯಲು ಕೆಂಪು ಬೆಳಕನ್ನು ಬಳಸುತ್ತಾರೆ. ನೀರು ಬಹಳ ಕದಡಿದ್ದರೆ ಕೆಂಪು ಬೆಳಕೂ ಸಾಲದು. ಆಗ ನಮ್ಮ ಕಣ್ಣಿಗೆ ಕಾಣದ, ಕೆಂಪಿನ ಆಚೆಗಿನ ಅವಕೆಂಪು ಕಿರಣಗಳನ್ನು ಬಳಸುತ್ತಾರೆ. ಇವನ್ನು ನೀರು ಇನ್ನೂ ಹೆಚ್ಚು ಹೀರುವುದರಿಂದ, ತುಂಬ ಮಣ್ಣಿದ್ದಾಗಲೂ ಹೆಚ್ಚು-ಕಡಿಮೆಯ ವ್ಯತ್ಯಾಸ ಗೊತ್ತಾಗುತ್ತದೆ.

ನೀರಿನಲ್ಲಿ ಹಸಿರು ಪಾಚಿಯೂ ಇರಬಹುದು. ಕೊಳೆತ ಎಲೆಗಳಿಂದ ಬಂದ ಹಳದಿ ಬಣ್ಣವೂ ಇರಬಹುದು. ಇವು ಹೆಚ್ಚಾಗಿ ನೀಲಿ ಬೆಳಕನ್ನು ನುಂಗುತ್ತವೆ. ಬೇರೆ ಬೇರೆ ಬಣ್ಣಗಳನ್ನು ಬೇರೆ ಬೇರೆಯಾಗಿ ಅಳೆದರೆ ಮಣ್ಣು ಯಾವುದು, ಪಾಚಿ ಯಾವುದು ಎಂದು ಬಿಡಿಸಲು ಸುಲಭ.

ಬೆಳಕಿಗೆ ತಕ್ಕಡಿಯೇ ಗುರು

ಉಪಕರಣ ನಮಗೆ “ಪ್ರತಿಫಲನ ಶೇಕಡಾ 6” ಎಂದು ಹೇಳುತ್ತದೆ. ಅದು ಎಷ್ಟು ಮಿಲಿಗ್ರಾಂ ಮಣ್ಣು ಎಂದು ತಾನಾಗಿ ಹೇಳಲಾರದು. ಅದಕ್ಕೆ ಪಾಠ ಹೇಳಿಕೊಡಬೇಕು. ದೋಣಿಯಲ್ಲಿ ಹೋಗಿ ಹಲವು ಕಡೆ ಪ್ರತಿಫಲನವನ್ನು ಅಳೆಯುತ್ತಾರೆ. ಅದೇ ಹೊತ್ತಿಗೆ ಅದೇ ಜಾಗದ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು, ಸೋಸಿ ತೂಗುತ್ತಾರೆ. ಗ್ರಾಫ್ ಹಾಳೆಯಲ್ಲಿ ಒಂದು ಕಡೆ ಪ್ರತಿಫಲನ, ಇನ್ನೊಂದು ಕಡೆ ಮಣ್ಣಿನ ತೂಕ ಇಟ್ಟು ಚುಕ್ಕೆ ಹಾಕುತ್ತಾರೆ. ಚುಕ್ಕೆಗಳ ನಡುವೆ ಒಂದು ಗೆರೆ ಎಳೆದರೆ ಅದೇ ಅಳತೆಗೋಲು. ಮುಂದೆ ಪ್ರತಿಫಲನ ಗೊತ್ತಾದರೆ ಗೆರೆಯನ್ನು ನೋಡಿ ಮಣ್ಣಿನ ತೂಕ ಹೇಳಬಹುದು.

ಆದರೆ ಒಂದು ಕಡೆ ಎಳೆದ ಗೆರೆ ಎಲ್ಲ ಕಡೆಗೂ ಸರಿಹೊಂದುವುದೆ? ಕೆಂಪು ಮಣ್ಣಿನ ನೀರಿಗೂ ಕಪ್ಪು ಎರೆಮಣ್ಣಿನ ನೀರಿಗೂ ಒಂದೇ ಗೆರೆ ಸಾಲದು ಎಂದು ನೀವೇ ಊಹಿಸಬಹುದು. ಅದಕ್ಕಿಂತ ಅಚ್ಚರಿಯ ವಿಷಯ ಇನ್ನೊಂದಿದೆ. ಮಣ್ಣು ಒಂದೇ ಆಗಿದ್ದರೂ, ನೀರಿಗೆ ಉಪ್ಪು ಸೇರಿದರೆ ಗೆರೆ ಬದಲಾಗುತ್ತದೆ. ಉಪ್ಪು ಎಲ್ಲಿ ಸೇರುತ್ತದೆ? ನದಿಯ ಜೊತೆಯಲ್ಲೇ ಹೋಗಿ ನೋಡೋಣ.

ಸಿಹಿನೀರಿನಿಂದ ಉಪ್ಪುನೀರಿಗೆ

ನಂಜನಗೂಡನ್ನು ದಾಟಿ ಬರುವ ಕಬಿನಿ ತಿ.ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ನದಿ ಮುಡುಕುತೊರೆ, ತಲಕಾಡು, ಶಿವನಸಮುದ್ರಗಳನ್ನು ಹಾದು ತಮಿಳುನಾಡಿಗೆ ಹೋಗುತ್ತದೆ. ಮೆಟ್ಟೂರು ಅಣೆಕಟ್ಟೆಯನ್ನು ದಾಟಿ, ಕೊನೆಗೆ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಕರಗಿರುತ್ತದೆ. ನದಿಯ ಸಿಹಿನೀರೂ ಕಡಲಿನ ಉಪ್ಪುನೀರೂ ಬೆರೆಯುವ ಜಾಗಕ್ಕೆ ಅಳಿವೆ ಎಂದು ಹೆಸರು.

ನಮ್ಮ ಕರ್ನಾಟಕದ ಕರಾವಳಿಯಲ್ಲಿ ಅಳಿವೆಗಳು ಹಲವಾರಿವೆ. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳದು, ಹೊನ್ನಾವರದಲ್ಲಿ ಶರಾವತಿಯದು, ಕುಮಟಾ ಬಳಿ ಅಘನಾಶಿನಿಯದು, ಕಾರವಾರದ ಬಳಿ ಕಾಳಿಯದು. ಮಳೆಗಾಲದಲ್ಲಿ ಈ ನದಿಗಳ ಕೆಂಪು ನೀರು ಕಡಲಿನೊಳಗೆ ನಾಲಗೆಯಂತೆ ಚಾಚಿಕೊಳ್ಳುತ್ತದೆ. ಅಲ್ಲಿ ಮಣ್ಣಿಗೆ ಏನಾಗುತ್ತದೆ ಎಂಬುದನ್ನು ನಿಮ್ಮ ಶಾಲೆಯಲ್ಲೇ ನೋಡಬಹುದು.

ಮಾಡಿ ನೋಡಿ – 2

ಬೇಕಾಗುವ ಸಾಮಗ್ರಿಗಳು: ಮೂರು ಗಾಜಿನ ಲೋಟಗಳು, ಮೊದಲ ಪ್ರಯೋಗದ ಕೆಸರುನೀರು, ಮಳೆನೀರು, ಅಡಿಗೆ ಉಪ್ಪು, ಕಪ್ಪು ಕಾಗದ, ಟಾರ್ಚ್, ಗಡಿಯಾರ.

ವಿಧಾನ: ‘ಅ’ ಮತ್ತು ‘ಆ’ ಎಂಬ ಎರಡು ಲೋಟಗಳಿಗೆ ಚೆನ್ನಾಗಿ ಕದಡಿದ ಕೆಸರುನೀರನ್ನು ಸಮವಾಗಿ ಹಾಕಿ. ‘ಆ’ ಲೋಟಕ್ಕೆ ಒಂದು ಟೀ ಚಮಚ ಉಪ್ಪು ಹಾಕಿ ಕರಗಿಸಿ. ‘ಅ’ ಲೋಟವನ್ನೂ ಅಷ್ಟೇ ಹೊತ್ತು ಕಲಕಿ. ‘ಇ’ ಲೋಟದಲ್ಲಿ ಮಣ್ಣಿಲ್ಲದ ನೀರಿಗೆ ಒಂದು ಟೀ ಚಮಚ ಉಪ್ಪು ಕರಗಿಸಿ ಇಡಿ. 10 ನಿಮಿಷ, 30 ನಿಮಿಷ, 1 ಗಂಟೆ ಕಳೆದ ಮೇಲೆ ಟಾರ್ಚ್ ಹಿಡಿದು ನೋಡಿ. ಕಂಡದ್ದನ್ನು ಪ್ರತಿ ಸಲವೂ ಪುಸ್ತಕದಲ್ಲಿ ಬರೆಯಿರಿ.

ಸೂಚನೆ: ಈ ಪ್ರಯೋಗಕ್ಕೆ ಕೊಳವೆಬಾವಿಯ ನೀರು ಬೇಡ. ಅದು ಗಡಸು ನೀರಾಗಿರಬಹುದು. ಅದರಲ್ಲಿ ಕರಗಿರುವ ಲವಣಗಳು ಉಪ್ಪಿನ ಕೆಲಸವನ್ನು ತಾವೇ ಮಾಡಿಬಿಡುತ್ತವೆ. ಆಗ ಎರಡು ಲೋಟಗಳ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ನೀರಿಗಾಗಿ ದೊಡ್ಡವರಿಲ್ಲದೆ ನದಿಗೆ ಇಳಿಯಲೇಬೇಡಿ. ಮುಡುಕುತೊರೆ, ತಲಕಾಡುಗಳ ಬಳಿ ಕಾವೇರಿ ಮೇಲೆ ಶಾಂತವಾಗಿ ಕಂಡರೂ ಒಳಗೆ ಮಡುಗಳೂ ಸೆಳೆತವೂ ಇರುತ್ತವೆ.

ಏನು ಕಂಡಿತು? ‘ಇ’ ಲೋಟ ಶುದ್ಧ ನೀರಿನಂತೆಯೇ ಕಪ್ಪಾಗಿದೆ. ಅಂದರೆ ಕರಗಿದ ಉಪ್ಪು ತಾನಾಗಿ ಬೆಳಕನ್ನು ಹಿಂದಕ್ಕೆ ಕಳುಹಿಸುವುದಿಲ್ಲ. ‘ಅ’ ಲೋಟ ಒಂದು ಗಂಟೆಯಾದರೂ ಕದಡಿದಂತೆಯೇ ಇರುತ್ತದೆ. ‘ಆ’ ಲೋಟದಲ್ಲಿ ಮಣ್ಣು ಸಣ್ಣ ಸಣ್ಣ ಹೆಪ್ಪುಗಳಾಗಿ ಕೆಳಗಿಳಿಯತೊಡಗುತ್ತದೆ. ಮೇಲಿನ ನೀರು ತಿಳಿಯಾಗುತ್ತ ಬರುತ್ತದೆ.

ಉಪ್ಪು ಮಾಡಿದ್ದೇನು?

ಜೇಡಿಮಣ್ಣಿನ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಒಂದೇ ಬಗೆಯ ವಿದ್ಯುದಂಶಗಳು ಒಂದನ್ನೊಂದು ದೂರ ತಳ್ಳುತ್ತವೆ ಎಂದು ನೀವು ಓದಿರಬಹುದು. ಸಿಹಿನೀರಿನಲ್ಲಿ ಕಣಗಳು ಹೀಗೆ ಒಂದನ್ನೊಂದು ತಳ್ಳುತ್ತ, ಒಂಟಿ ಒಂಟಿಯಾಗಿ ತೇಲುತ್ತಿರುತ್ತವೆ. ಉಪ್ಪು ಕರಗಿದಾಗ ಧನ ವಿದ್ಯುದಂಶದ ಸೋಡಿಯಂ ಅಯಾನುಗಳು ನೀರಿನಲ್ಲಿ ಬಿಡುಗಡೆಯಾಗುತ್ತವೆ. ಅವು ಕಣಗಳ ಸುತ್ತ ಗುಂಪುಗೂಡುತ್ತವೆ. ತಳ್ಳುವ ಬಲ ಕುಗ್ಗುತ್ತದೆ. ಹತ್ತಿರ ಬಂದ ಕಣಗಳು ಅಂಟಿಕೊಂಡು ಹೆಪ್ಪುಗಟ್ಟುತ್ತವೆ. ಹೆಪ್ಪು ದೊಡ್ಡದಾದಂತೆ ಬೇಗ ಕೆಳಗಿಳಿಯುತ್ತದೆ. ಸಮುದ್ರದಷ್ಟು ಉಪ್ಪು ಬೇಕಾಗಿಯೂ ಇಲ್ಲ. ಲೀಟರಿಗೆ ಕೆಲವೇ ಗ್ರಾಂ ಉಪ್ಪಿದ್ದರೂ ಇದು ನಡೆಯುತ್ತದೆ.

ಹೆಪ್ಪುಗಳು ಇನ್ನೂ ತಳಕ್ಕಿಳಿಯದೆ ತೇಲುತ್ತಿರುವಾಗ ಬೆಳಕಿನ ಲೆಕ್ಕ ಏನಾಗುತ್ತದೆ? ಒಂದು ಹಿಡಿ ರಾಗಿಹಿಟ್ಟನ್ನು ಕಪ್ಪು ಕಲ್ಲಿನ ಮೇಲೆ ತೆಳ್ಳಗೆ ಹರಡಿ. ಕಲ್ಲಿನ ಬಹುಭಾಗ ಹಿಟ್ಟಿನಿಂದ ಮುಚ್ಚಿಹೋಗುತ್ತದೆ. ಅಷ್ಟೇ ಹಿಟ್ಟನ್ನು ಕಲಸಿ ಮುದ್ದೆ ಮಾಡಿ ಅದೇ ಕಲ್ಲಿನ ಮೇಲಿಡಿ. ಒಂದು ಮೂಲೆಯಷ್ಟು ಜಾಗ ಮಾತ್ರ ಮುಚ್ಚುತ್ತದೆ, ಉಳಿದದ್ದು ಕಪ್ಪಾಗಿಯೇ ಇರುತ್ತದೆ. ಹಿಟ್ಟು ಅಷ್ಟೇ, ಬೆಳಕಿಗೆ ಎದುರಾಗುವ ಮೈ ಮಾತ್ರ ಕಡಿಮೆಯಾಯಿತು. ನೀರಿನಲ್ಲಿಯೂ ಹೀಗೆಯೇ. ಬಿಡಿ ಕಣಗಳಾಗಿದ್ದ ಮಣ್ಣು ಹೆಪ್ಪಾದರೆ, ತೂಕ ಅಷ್ಟೇ ಇದ್ದರೂ ಹಿಂದಕ್ಕೆ ಬರುವ ಬೆಳಕು ಕಡಿಮೆಯಾಗುತ್ತದೆ. ಈ ವ್ಯತ್ಯಾಸ ನಮ್ಮ ಕಣ್ಣಿಗೆ ಅಷ್ಟಾಗಿ ತಿಳಿಯದಿರಬಹುದು, ಉಪಕರಣಕ್ಕೆ ತಿಳಿಯುತ್ತದೆ.

ಇದರಿಂದ ಆಗುವ ತೊಂದರೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಸಿಹಿನೀರಿನಲ್ಲಿ ಎಳೆದ ಗೆರೆಯ ಪ್ರಕಾರ ಶೇಕಡಾ 6 ಪ್ರತಿಫಲನಕ್ಕೆ ಲೀಟರಿಗೆ 100 ಮಿಲಿಗ್ರಾಂ ಮಣ್ಣು ಎಂದು ಭಾವಿಸಿ. ಅಳಿವೆಯಲ್ಲಿ ಲೀಟರಿಗೆ 120 ಮಿಲಿಗ್ರಾಂ ಮಣ್ಣಿದ್ದರೂ, ಹೆಪ್ಪುಗಟ್ಟಿರುವುದರಿಂದ ಪ್ರತಿಫಲನ ಶೇಕಡಾ 6 ಮಾತ್ರ ಬಂತು ಎನ್ನೋಣ. ಹಳೆಯ ಗೆರೆಯನ್ನೇ ನಂಬಿದರೆ ಲೀಟರಿಗೆ 20 ಮಿಲಿಗ್ರಾಂ ಮಣ್ಣು ಲೆಕ್ಕದಿಂದಲೇ ತಪ್ಪಿಹೋಗುತ್ತದೆ. ಇಡೀ ಅಳಿವೆಗೆ ಲೆಕ್ಕ ಹಾಕಿದರೆ ಎಷ್ಟು ಲಾರಿ ಮಣ್ಣು ತಪ್ಪಿಹೋಗಬಹುದು ಯೋಚಿಸಿ. ಹಾಗಾಗಿ ಉಪ್ಪುನೀರಿಗೆ ಉಪ್ಪುನೀರಿನಲ್ಲೇ ಮಾದರಿ ತೆಗೆದು, ಸೋಸಿ, ತೂಗಿ, ಬೇರೆ ಗೆರೆಯನ್ನು ಎಳೆಯಬೇಕು. ಸೋಸಿದ ಕಾಗದವನ್ನು ಶುದ್ಧ ನೀರಿನಿಂದ ತೊಳೆಯುವುದನ್ನೂ ಮರೆಯಬಾರದು. ಇಲ್ಲದಿದ್ದರೆ ಕಾಗದದಲ್ಲಿ ಉಳಿದ ಉಪ್ಪೂ ಮಣ್ಣಿನ ಲೆಕ್ಕಕ್ಕೆ ಸೇರಿಬಿಡುತ್ತದೆ!

ಬಾನಿನಿಂದ ನೋಡುವ ಕಣ್ಣು

ದೊಡ್ಡ ಕಡಲನ್ನು ಒಂದೇ ನೋಟದಲ್ಲಿ ನೋಡಲು ಉಪಗ್ರಹ ಬೇಕು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ಇಸ್ರೋ ಸಂಸ್ಥೆ 1999ರ ಮೇ 26ರಂದು ಓಷನ್‌ಸ್ಯಾಟ್-1 ಉಪಗ್ರಹವನ್ನು ಶ್ರೀಹರಿಕೋಟದಿಂದ ಹಾರಿಸಿತು. ಸಮುದ್ರದ ಬಣ್ಣವನ್ನು ಎಂಟು ಬೇರೆ ಬೇರೆ ಬಣ್ಣಪಟ್ಟಿಗಳಲ್ಲಿ ಅಳೆಯುವ ಉಪಕರಣ ಅದರಲ್ಲಿತ್ತು. 2009ರ ಸೆಪ್ಟೆಂಬರ್ 23ರಂದು ಓಷನ್‌ಸ್ಯಾಟ್-2 ಹಾರಿತು. 2022ರ ನವೆಂಬರ್ 26ರಂದು ಹಾರಿದ ಇಒಎಸ್-06 ಉಪಗ್ರಹದಲ್ಲಿ ಬಣ್ಣಪಟ್ಟಿಗಳ ಸಂಖ್ಯೆ 13ಕ್ಕೆ ಏರಿತು.

ಉಪಗ್ರಹಕ್ಕೂ ತನ್ನದೇ ಆದ ಕಷ್ಟಗಳಿವೆ. ಕಡಲಿನ ಕಡೆ ನೋಡುವಾಗ ಅದಕ್ಕೆ ಬರುವ ಬೆಳಕಿನಲ್ಲಿ ಹೆಚ್ಚಿನ ಪಾಲು ನೀರಿನದಲ್ಲ, ನಡುವೆ ಇರುವ ಗಾಳಿ ಮತ್ತು ಧೂಳು ಚದುರಿಸಿದ ಬೆಳಕು. ಅದನ್ನು ಲೆಕ್ಕ ಹಾಕಿ ಕಳೆಯಬೇಕು. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ. ನದಿ ಹೆಚ್ಚು ಮಣ್ಣು ತರುವುದೂ ಅದೇ ಕಾಲದಲ್ಲಿ! ಮೋಡ ಸರಿದ ದಿನಗಳಿಗಾಗಿ ಕಾಯಬೇಕಾಗುತ್ತದೆ. ಮೂರನೆಯದು ಚಿತ್ರದ ಚೌಕದ ಅಳತೆ. ಓಷನ್‌ಸ್ಯಾಟ್-1ರ ಚಿತ್ರದಲ್ಲಿ ಒಂದು ಚೌಕ ಎಂದರೆ ನೆಲದ ಮೇಲೆ 360 ಮೀಟರ್. ವಿಶಾಲ ಕಡಲಿಗೆ ಇದು ಸಾಕು. ಮುಡುಕುತೊರೆಯ ಬಳಿಯ ಕಾವೇರಿಗೆ ಸಾಲದು. ನೀರೂ ದಡವೂ ಒಂದೇ ಚೌಕದಲ್ಲಿ ಬೆರೆತುಹೋಗುತ್ತವೆ. 2015ರಲ್ಲಿ ಯುರೋಪಿನ ದೇಶಗಳು ಹಾರಿಸಿದ ಸೆಂಟಿನೆಲ್-2ಎ ಉಪಗ್ರಹದ ಚೌಕ 10 ಮೀಟರ್. ಅಂತಹ ಚಿತ್ರದಲ್ಲಿ ನದಿಯ ನೀರನ್ನು ದಡದಿಂದ ಬೇರೆಯಾಗಿ ನೋಡಬಹುದು.

ಮಣ್ಣಿನ ಲೆಕ್ಕ ನಮಗೇಕೆ?

ತೇಲುಮಣ್ಣು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಹೆಚ್ಚಾದರೆ ನೀರಿನೊಳಗಿನ ಸಸ್ಯಗಳಿಗೆ ಬೆಳಕು ತಲಪುವುದಿಲ್ಲ. ಅಘನಾಶಿನಿಯಂತಹ ಅಳಿವೆಗಳಲ್ಲಿ ಜನ ಚಿಪ್ಪುಮೀನು ಆಯ್ದು ಬದುಕು ಸಾಗಿಸುತ್ತಾರೆ. ಹೂಳು ಹೆಚ್ಚಾದರೆ ಚಿಪ್ಪುಮೀನುಗಳು ಅದರಡಿ ಹೂತುಹೋಗುತ್ತವೆ. ಬಂದರುಗಳಲ್ಲಿ ಹೂಳು ತುಂಬಿದರೆ ಹಡಗು ಬರಲಾರದು. ಮಂಗಳೂರಿನ ಬಂದರಿನಲ್ಲಿ ಹೂಳೆತ್ತುವುದು ನಿಲ್ಲದ ಕೆಲಸ.

ಕಡಿಮೆಯಾದರೆ? ನದಿ ತಂದ ಮೆಕ್ಕಲು ಮಣ್ಣಿನಿಂದಲೇ ಕಾವೇರಿಯ ಮುಖಜಭೂಮಿ ಬೆಳೆದಿದೆ. ಕೃಷ್ಣರಾಜಸಾಗರ, ಕಬಿನಿ, 1934ರಲ್ಲಿ ಮುಗಿದ ಮೆಟ್ಟೂರು ಮೊದಲಾದ ಜಲಾಶಯಗಳು ನೀರನ್ನು ತಡೆಯುವಾಗ ಮಣ್ಣನ್ನೂ ತಡೆಯುತ್ತವೆ. ಜಲಾಶಯದಲ್ಲಿ ಹೂಳು ತುಂಬಿ ನೀರಿಗೆ ಜಾಗ ಕಡಿಮೆಯಾಗುತ್ತದೆ. ಅತ್ತ ಕಡಲತೀರಕ್ಕೆ ಮಣ್ಣು ಸಾಲದೆ ಅಲೆಗಳು ದಡವನ್ನು ಕೊರೆಯುತ್ತವೆ. ಎಲ್ಲಿಂದ ಎಷ್ಟು ಮಣ್ಣು ಹೊರಟಿತು, ಎಲ್ಲಿ ನಿಂತಿತು, ಕಡಲಿಗೆ ಎಷ್ಟು ತಲಪಿತು ಎಂಬ ಲೆಕ್ಕ ಸಿಕ್ಕಿದರೆ ಮಾತ್ರ ಇದಕ್ಕೆ ಪರಿಹಾರ ಯೋಚಿಸಬಹುದು.

ಲೆಕ್ಕ ಶುರುವಾಗುವುದು ನಮ್ಮ ಹೊಲದಿಂದಲೇ. ಬದು ಕಟ್ಟಿದ, ಬದುವಿನ ಮೇಲೆ ಹುಲ್ಲು ಬೆಳೆಸಿದ ಹೊಲದ ನೀರು ತಿಳಿಯಾಗಿ ಹೋಗುತ್ತದೆ. ಬರಿದಾದ ಇಳಿಜಾರಿನ ನೀರು ಕೆಂಪಾಗಿ ಹೋಗುತ್ತದೆ. ಮುಂದಿನ ಮಳೆಯಲ್ಲಿ ನಿಮ್ಮೂರಿನ ಎರಡು ಕಡೆಯ ಹರಿಯುವ ನೀರನ್ನು ಎರಡು ಗಾಜಿನ ಲೋಟಗಳಲ್ಲಿ ಹಿಡಿದು, ಕಪ್ಪು ಕಾಗದದ ಮುಂದಿಟ್ಟು ಟಾರ್ಚ್ ಹಾಕಿ. ಯಾರ ಹೊಲದ ಮಣ್ಣು ಹೋಗುತ್ತಿದೆ ಎಂದು ಬೆಳಕೇ ಹೇಳುತ್ತದೆ.

ನೆನಪಿಡಿ

• ನೀರಿನಲ್ಲಿ ಮಣ್ಣು ಹೆಚ್ಚಿದಂತೆ ಹಿಂದಕ್ಕೆ ಬರುವ ಬೆಳಕು ಹೆಚ್ಚುತ್ತದೆ. ಆದರೆ ಒಂದು ಮಿತಿಯವರೆಗೆ ಮಾತ್ರ.
• ಬೆಳಕಿನ ಅಳತೆ ನಂಬಬೇಕಾದರೆ ಸೋಸಿ ತೂಗಿದ ಲೆಕ್ಕದೊಂದಿಗೆ ಹೋಲಿಸಿರಬೇಕು.
• ಉಪ್ಪುನೀರಿನಲ್ಲಿ ಜೇಡಿಮಣ್ಣು ಹೆಪ್ಪುಗಟ್ಟುತ್ತದೆ. ಆಗ ಅಷ್ಟೇ ತೂಕದ ಮಣ್ಣು ಕಡಿಮೆ ಬೆಳಕನ್ನು ಹಿಂದಕ್ಕೆ ಕಳುಹಿಸುತ್ತದೆ.
• ಆದ್ದರಿಂದ ಸಿಹಿನೀರಿನ ಅಳತೆಗೋಲನ್ನು ಉಪ್ಪುನೀರಿಗೆ ಹಾಗೆಯೇ ಬಳಸಬಾರದು.

ಯೋಚಿಸಿ ಉತ್ತರಿಸಿ

1. ಪ್ರತಿಫಲನವನ್ನು ಅಳೆಯುವ ಮೊದಲು ಬಿಳಿ ಹಲಗೆಯನ್ನು ಏಕೆ ಬಳಸುತ್ತಾರೆ?
2. ಎರಡನೆಯ ಪ್ರಯೋಗದಲ್ಲಿ ‘ಇ’ ಲೋಟ ಇಲ್ಲದಿದ್ದರೆ ನಮಗೆ ಯಾವ ಸಂದೇಹ ಉಳಿಯುತ್ತಿತ್ತು?
3. ಕಬಿನಿಯ ನೀರು ಕೆಂಪಾಗಿದ್ದು ಕಾವೇರಿಯ ನೀರು ತಿಳಿಯಾಗಿದ್ದ ದಿನ ತಿ.ನರಸೀಪುರದ ಸಂಗಮದ ಚಿತ್ರವನ್ನು ಉಪಗ್ರಹ ತೆಗೆದರೆ ಅದರಲ್ಲಿ ಏನು ಕಾಣಬಹುದು? ಚಿತ್ರ ಬರೆದು ತೋರಿಸಿ.
4. ನದಿನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂ ಮಣ್ಣಿದ್ದು, ಸೆಕೆಂಡಿಗೆ 50 ಘನ ಮೀಟರ್ ನೀರು ಹರಿದರೆ ಒಂದು ಗಂಟೆಯಲ್ಲಿ ಎಷ್ಟು ಟನ್ ಮಣ್ಣು ಹೋಗುತ್ತದೆ? (ಉತ್ತರ: 36 ಟನ್)